ಸಾಲಗಾರನ ನಿಯತ್ತು

ಸಾಲ ಮಾಡಿದವನು ದೇಶವನ್ನೂ ಮಾರಿಯಾನೇ? ಅಮೆರಿಕದ ಸರಕಾರ ಈ ಪ್ರಶ್ನೆಯನ್ನು ಗಂಭೀರವಾಗಿಯೇ ಕೇಳುತ್ತದೆ. ಅಲ್ಲಿ ರಹಸ್ಯ ಕಡತ ಮುಟ್ಟುವ ನೌಕರಿಗೆ ‘ಸೆಕ್ಯುರಿಟಿ ಕ್ಲಿಯರೆನ್ಸ್’ ಬೇಕು. ಅದಕ್ಕಾಗಿ ತುಂಬುವ ಎಸ್‌ಎಫ್-86 ಎಂಬ ಅರ್ಜಿಯಲ್ಲಿ ಕಳೆದ ಏಳು ವರ್ಷಗಳ ಸಾಲದ ಜಾತಕವನ್ನೇ ಬಿಚ್ಚಿಡಬೇಕು. ದಿವಾಳಿಯಾದದ್ದು, ತೆರಿಗೆ ಕಟ್ಟದ್ದು, 120 ದಿನ ಮೀರಿ ಬಾಕಿ ಉಳಿಸಿಕೊಂಡದ್ದು, ಎಲ್ಲವನ್ನೂ. 2017ರಿಂದ ಜಾರಿಯಲ್ಲಿರುವ ಮಾರ್ಗಸೂಚಿಯ 13 ಅಂಶಗಳಲ್ಲಿ ಹಣಕಾಸು ಒಂದು, ವೈಯಕ್ತಿಕ ನಡತೆ ಇನ್ನೊಂದು.

ಈ ಭಯಕ್ಕೆ ಕಾರಣವಿಲ್ಲದಿಲ್ಲ. ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1985ರಲ್ಲಿ ಸೋವಿಯತ್ ರಶ್ಯಾಕ್ಕೆ ಗುಟ್ಟು ಮಾರಲು ಹೊರಟದ್ದು ಸಾಲದ ಸುಳಿಯಲ್ಲಿದ್ದಾಗ. ಆದರೆ ಮುಂದಿನ ಕತೆ ನೋಡಿ. ಸುಮಾರು 5,40,000 ಡಾಲರಿನ ಮನೆಯನ್ನು ಆತ ನಗದು ಕೊಟ್ಟು ಕೊಂಡ. ಜಾಗ್ವಾರ್ ಕಾರಿನಲ್ಲಿ ಕಚೇರಿಗೆ ಬಂದ. 1986 ಮತ್ತು 1991ರ ಸುಳ್ಳುಪತ್ತೆ ಪರೀಕ್ಷೆಗಳನ್ನು ದಾಟಿದ. ಸಿಕ್ಕಿಬಿದ್ದದ್ದು 1994ರಲ್ಲಿ. ಬಡತನವನ್ನು ಅನುಮಾನಿಸುವ ಕಣ್ಣು ಸಿರಿತನವನ್ನು ಅನುಮಾನಿಸಲು ಎಷ್ಟು ತಡಮಾಡುತ್ತದೆ!

ಹಾಗಿದ್ದೂ ಅಲ್ಲಿನ ನಿಯಮದಲ್ಲಿ ಒಂದು ನ್ಯಾಯವಿದೆ. ಸಾಲವಿದೆ ಎಂದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಕೆಲಸ ಹೋಯಿತೇ, ಕಾಯಿಲೆ ಬಂತೇ, ವಿಚ್ಛೇದನವಾಯಿತೇ, ಸಾಲ ಕೊಟ್ಟವನೇ ಮೋಸ ಮಾಡಿದನೇ, ಆಮೇಲೆ ತೀರಿಸಲು ಪ್ರಾಮಾಣಿಕವಾಗಿ ಯತ್ನಿಸಿದ್ದೀರಾ ಎಂದು ನೋಡುತ್ತಾರೆ. ವಿವರಿಸಲಾಗದ ಸಿರಿವಂತಿಕೆಯೂ ಅಲ್ಲಿ ದೋಷವೇ. ಸಾಲವನ್ನು ಬೇಕೆಂದೇ ಮುಚ್ಚಿಟ್ಟರೆ ಮಾತ್ರ ಅದು ಬೇರೆಯೇ ತಪ್ಪು. ಸುಳ್ಳು ಹೇಳಿಕೆಗೆ ಐದು ವರ್ಷದವರೆಗೆ ಜೈಲೂ ಆದೀತು. ಪರವಾನಗಿ ನಿರಾಕರಿಸುವ ಮುನ್ನ ಕಾರಣವನ್ನು ಬರೆದು ತಿಳಿಸಿ ಉತ್ತರ ಕೇಳುತ್ತಾರೆ.

ಇನ್ನು ನಮ್ಮ ಕಡೆ ತಿರುಗೋಣ. 2023ರಲ್ಲಿ ಐಬಿಪಿಎಸ್ ಗುಮಾಸ್ತರ ನೇಮಕಾತಿಯ ಅಧಿಸೂಚನೆ 650ರ ಸಿಬಿಲ್ ಅಂಕ ಕೇಳಿತು. ಮುಂದೆ ಆ ಸಂಖ್ಯೆ ಹೋಯಿತು, ‘ಆರೋಗ್ಯಕರ ಸಾಲದ ಚರಿತ್ರೆ’ ಬೇಕೆಂಬ ಮಾತು ಉಳಿಯಿತು. 2025ರಲ್ಲಿ ಸ್ಟೇಟ್ ಬ್ಯಾಂಕ್ ಇದೇ ಕಾರಣಕ್ಕೆ ಒಬ್ಬರ ನೇಮಕ ರದ್ದುಪಡಿಸಿದ್ದನ್ನು ಮದರಾಸು ಹೈಕೋರ್ಟು ಎತ್ತಿಹಿಡಿಯಿತು. ಸಾರ್ವಜನಿಕರ ಹಣ ಮುಟ್ಟುವವರಿಗೆ ಆರ್ಥಿಕ ಶಿಸ್ತು ಬೇಕು ಎಂಬುದು ವಾದ.

ಶಿಸ್ತು ಬೇಡವೆಂದವರು ಯಾರು? ಆದರೆ ಮೂರಂಕಿಯ ಸಂಖ್ಯೆ ಶಿಸ್ತನ್ನು ಅಳೆಯುತ್ತದೆಯೇ? ತಂದೆಯ ಆಸ್ಪತ್ರೆ ಖರ್ಚಿಗೆ ಸಾಲ ಮಾಡಿ ಕಂತು ತಪ್ಪಿಸಿದ ಹುಡುಗನೂ, ಮೋಜಿಗೆ ಕಾರ್ಡು ಉಜ್ಜಿ ಕೈಯೆತ್ತಿದವನೂ ಆ ಸಂಖ್ಯೆಯಲ್ಲಿ ಒಂದೇ. ಶಿಕ್ಷಣ ಸಾಲ ತೀರಿಸಲು ನೌಕರಿ ಬೇಕು. ನೌಕರಿಗೆ ಸಾಲದ ಕಲೆ ಇರಬಾರದು. ಈ ಗಾಣಕ್ಕೆ ಕಟ್ಟಿದ ಎತ್ತು ಎಲ್ಲಿಗೆ ಹೋಗಬೇಕು?

ಇದೇ ಕರ್ನಾಟಕ 2002ರಲ್ಲೂ 2010ರಲ್ಲೂ ವಿಜಯ್ ಮಲ್ಯರನ್ನು ರಾಜ್ಯಸಭೆಗೆ ಕಳಿಸಿತು. ಬ್ಯಾಂಕುಗಳ ಸಾವಿರಾರು ಕೋಟಿ ಬಾಕಿಯ ಭಾರದಲ್ಲಿ ಅವರ ಕಿಂಗ್‌ಫಿಶರ್ ವಿಮಾನಗಳು 2012ರಲ್ಲಿ ನೆಲಕ್ಕಿಳಿದವು. ಮಲ್ಯ 2016ರ ತನಕ ಸಂಸದರಾಗಿಯೇ ಇದ್ದರು. ಅವರ ಅಂಕ ಎಷ್ಟೆಂದು ಆ ಕುರ್ಚಿ ಕೇಳಲಿಲ್ಲ. ಗುಮಾಸ್ತನ ಕುರ್ಚಿ ಮಾತ್ರ ಕೇಳುತ್ತದೆ!

ಮಾಹಿತಿ ಮುಚ್ಚಿಟ್ಟ ಅಭ್ಯರ್ಥಿಗಳ ವಿಷಯದಲ್ಲೂ ಸುಪ್ರೀಂ ಕೋರ್ಟು 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ವಿವೇಕ ತೋರಿದೆ: ಕ್ಷುಲ್ಲಕ ಪ್ರಕರಣವಾದರೆ ಮನ್ನಿಸಬಹುದು, ಒಂದೊಂದನ್ನೂ ಬಿಡಿಯಾಗಿ ತೂಗಿ ನೋಡಬೇಕು. ಸಾಲಗಾರನಿಗೂ ಆ ತಕ್ಕಡಿ ಸಿಗಲಿ. ಬ್ಯಾಂಕು ಕಾರಣವನ್ನು ಬರೆದು ಕೊಡಲಿ, ಉತ್ತರ ಕೇಳಲಿ, ಆಮೇಲೆ ತೀರ್ಮಾನಿಸಲಿ. ಇದ್ದ ಸಾಲವನ್ನು ಇದ್ದ ಹಾಗೆ ಹೇಳಿದವನು ಕಳ್ಳನಲ್ಲ. ಹೇಳಿದ್ದಕ್ಕೇ ಅವನ ಅನ್ನ ಕಸಿದರೆ, ನಾಳೆ ಬರುವವರಿಗೆ ಸುಳ್ಳು ಬರೆಯಲು ನಾವೇ ಕಲಿಸಿದಂತೆ.