ಶಾಲೆ ಬಿಡಿಸಬೇಡಿ, ಸೌಲಭ್ಯ ಕೇಳಿ


ಮಕ್ಕಳು ಕಂಪ್ಯೂಟರ್ ಕ್ಷೇತ್ರಕ್ಕೆ ಹೋಗಬೇಕೆಂಬ ಆಸೆಯಿಂದಲೇ ಅವರನ್ನು ಕನ್ನಡ ಶಾಲೆಯಿಂದ ಬಿಡಿಸುವವರು ನಮ್ಮಲ್ಲಿದ್ದಾರೆ. ಆ ಕ್ಷೇತ್ರದ ಒಂದು ಪರೀಕ್ಷೆಯನ್ನೇ ನೋಡೋಣ. ನೆಟ್‌ವರ್ಕ್ ಭದ್ರತೆಯ ‘ಸೆಕ್ಯುರಿಟಿ ಪ್ಲಸ್’ ಪ್ರಮಾಣಪತ್ರಕ್ಕೆ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ತೇರ್ಗಡೆಗೆ 900ಕ್ಕೆ 750 ಅಂಕ ಬೇಕು. ಅದು ಕನ್ನಡದಲ್ಲಿಲ್ಲ, ಇಂಗ್ಲಿಷ್ ಬೇಕು, ನಿಜ. ಆದರೆ ಬರಿಯ ಬಾಯಿಪಾಠ ಅಲ್ಲಿ ನಡೆಯದು. ಕೆಲಸ ಮಾಡಿ ತೋರಿಸಬೇಕಾದ ಪ್ರಶ್ನೆಗಳೂ ಇರುತ್ತವೆ. ಫೈರ್‌ವಾಲ್ ಸಾಮಾನ್ಯವಾಗಿ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ, ಮೊದಲು ಹೊಂದಿದ್ದನ್ನೇ ಜಾರಿ ಮಾಡುತ್ತದೆ. ಇಂಥ ತರ್ಕ ಮನೆಮಾತಿನಲ್ಲಿ ವಿಜ್ಞಾನ, ಗಣಿತ ಕಲಿತ ಮಗುವಿಗೆ ಬೇಗ ಹತ್ತುತ್ತದೆ. ಇಂಗ್ಲಿಷ್ ಪದಗಳನ್ನು ಆಮೇಲೆ ಕಲಿಯಬಹುದು.

ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಆ ಸೌಲಭ್ಯದ ಜೊತೆಗೆ ಇಂಗ್ಲಿಷನ್ನು ಚೆನ್ನಾಗಿ ಕಲಿಸುವ ಶಿಕ್ಷಕರನ್ನೂ ನಡೆಯುವ ಕಂಪ್ಯೂಟರನ್ನೂ ಶಾಲಾ ಸಭೆಯಲ್ಲಿ ಲಿಖಿತವಾಗಿ ಕೇಳಿ. ಮಕ್ಕಳನ್ನು ಬಿಡಿಸುತ್ತಾ ಹೋದರೆ ಶಾಲೆಯೇ ಮುಚ್ಚೀತು. ಆಮೇಲೆ ಕೇಳಲು ಬಾಗಿಲೇ ಉಳಿಯದು.