ಮರ್ಫಿಯೂ ಮೂರ್ತಿಯೂ

ಕಳೆದ ತಿಂಗಳಲ್ಲಿ ಒಂದು ದಿನ ನಮ್ಮ ಬೀದಿಯ ವೃದ್ಧ ಗೃಹಿಣಿಯೊಬ್ಬರು ಒಂದು ಲಕೋಟೆಯನ್ನು ಕೈಯಲ್ಲಿ ಹಿಡಿದು ನಮ್ಮ ಮನೆಗೆ ಬಂದರು. ಅವರ ಮಗನು ಸಂಸಾರಸಮೇತನಾಗಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಉದ್ಯೋಗದಲ್ಲಿರುವನು. ಆತನ ಹೆಸರಿನ ಕೊನೆಯಲ್ಲಿ 'ಮೂರ್ತಿ' ಎಂಬ ಪದವುಂಟು. ಅಲ್ಲಿಯ ಗುಮಾಸ್ತನಾವನೋ ಲಕೋಟೆಯ ಮೇಲೆ ಅದನ್ನು 'ಮರ್ಫಿ' ಎಂದು ಬರೆದಿದ್ದನು. ಮಗನು ಅದನ್ನು ವಿನೋದಕ್ಕಾಗಿ ತಾಯಿಗೆ ಕಳುಹಿಸಿಕೊಟ್ಟಿದ್ದನು. ತಾಯಿಗೆ ಮಾತ್ರ ಅದು ವಿನೋದವಾಗಿ ತೋರಲಿಲ್ಲ. "ಮೇಷ್ಟ್ರೇ, ನನ್ನ ಮಗನ ಹೆಸರನ್ನೇ ಕೆಡಿಸಿಬಿಟ್ಟರಲ್ಲ! ಅವರ ಮರ್ಫಿಯೂ ನಮ್ಮ ಮೂರ್ತಿಯೂ ಒಂದೇ ಏನು? ನೀವು ಸಂಸ್ಕೃತ ಬಲ್ಲವರು, ಹೇಳಿ" ಎಂದು ಕೇಳಿದರು. ಆಗ ಎರಡು ಮಾತಿನಲ್ಲಿ ಸಮಾಧಾನ ಹೇಳಿ ಕಳುಹಿಸಿದೆವು. ಪ್ರಶ್ನೆಯು ಚಿಕ್ಕದಲ್ಲವಾದುದರಿಂದ ಈ ತಿಂಗಳ ಲೇಖನದಲ್ಲಿ ಅದನ್ನೇ ವಿಸ್ತರಿಸುತ್ತೇವೆ.

ಮೊದಲು ಉತ್ತರವನ್ನು ಹೇಳಿಬಿಡುವೆವು. ಎರಡೂ ಒಂದಲ್ಲ. 'ಮೂರ್ತಿ' ಎಂಬುದು ಸಂಸ್ಕೃತದ ಮುರ್ಛಾ ಧಾತುವಿನಿಂದ ಹುಟ್ಟಿದ ಶಬ್ದ. ಗಟ್ಟಿಗೊಂಡು ಆಕಾರ ತಳೆದುದು ಎಂದು ಅದರ ಅರ್ಥ. ಮರ್ಫಿ ಎಂಬುದರ ಮೂಲರೂಪವು ಪುರಾತನ ಐರಿಷ್ ಭಾಷೆಯ 'ಮುರಖದ್' ಎಂಬ ಪುರುಷನಾಮ. ರೋಮನ್ ಲಿಪಿಯಲ್ಲಿ ಬರೆದಾಗ ಆ ಧಾತುವೂ ಈ ನಾಮವೂ ಒಂದೇ ಅಕ್ಷರಗಳಿಂದ ಮೊದಲಾಗುವುದನ್ನು ಕಂಡು, ಇವೆರಡೂ ಒಡಹುಟ್ಟಿದವು ಎಂದು ಸಾರಿಬಿಡುವ ಉತ್ಸಾಹಿಗಳು ಇಲ್ಲದಿಲ್ಲ. ಮುಖ ಹೋಲಿತೆಂದು ದಾರಿಹೋಕನನ್ನು ದಾಯಾದಿಯೆನ್ನುವುದು ಸರಿಯೇ? ಶಬ್ದಗಳ ವಿಷಯದಲ್ಲಿಯೂ ವಂಶಾವಳಿಯನ್ನು ನೋಡಿಯೇ ನಂಟನ್ನು ಹೇಳಬೇಕು.

ಮುರಖದ್ ಎಂಬುದರಲ್ಲಿ ಎರಡು ಪದಗಳು ಅಡಗಿವೆ. 'ಮುಯಿರ್' ಎಂದರೆ ಸಮುದ್ರ. ಲ್ಯಾಟಿನ್ ಭಾಷೆಯ 'ಮಾರೆ' ಎಂಬುದು ಇದರ ಸಹೋದರ ಶಬ್ದ. 'ಕಥ್' ಎಂದರೆ ಯುದ್ಧ. ಆದುದರಿಂದ 'ಕಡಲ ಕಲಿ', 'ಸಮುದ್ರಯೋಧ' ಎಂದು ಹೆಸರಿನ ಅರ್ಥವಾಗುವುದು. ನಡುವಣ ಖಕಾರದಂತಹ ಕಂಠ್ಯಧ್ವನಿಯು ಇಂಗ್ಲಿಷರ ನಾಲಗೆಗೆ ಒಗ್ಗಲಿಲ್ಲ. ಅವರು ಅದನ್ನು ಫಕಾರವಾಗಿ ಕೇಳಿ ಹಾಗೆಯೇ ಬರೆದಿಟ್ಟರು, ಮುರಖದ್ ಮರ್ಫಿಯಾಯಿತು. ಅದೇ ನಾಮದಿಂದ ಮಕ್‌ಮರೋ, ಮಾರೋ ಎಂಬ ಬೇರೆ ಕುಲನಾಮಗಳೂ ಹುಟ್ಟಿಕೊಂಡವು.

ಇಲ್ಲಿ ನಮ್ಮ ವ್ಯಾಕರಣವನ್ನು ಓದಿದವರಿಗೆ ಸಂತೋಷವಾಗುವ ಸಂಗತಿಯೊಂದುಂಟು. ಐರಿಷ್ ಕುಲನಾಮಗಳ ಮುಂದೆ 'ಮಕ್' ಅಥವಾ 'ಓ' ಎಂಬ ಪದವು ಬರುವುದು. ಮಕ್ ಎಂದರೆ ಮಗ. ಓ ಎಂದರೆ ಮೊಮ್ಮಗ, ಮುಂದೆ ಸಂತತಿಯವನು. ಮರ್ಫಿಯ ಪೂರ್ಣರೂಪವು 'ಓ ಮುರಖದ', ಈಗಿನ ಐರಿಷಿನಲ್ಲಿ 'ಓ ಮುರಖೂ'. ಪಾಣಿನಿಯು ಅಪತ್ಯಾರ್ಥದ ಪ್ರತ್ಯಯಗಳನ್ನು ಹೇಳುವಾಗ ಮಗನನ್ನು ಬಿಟ್ಟು ಮೊಮ್ಮಗನಿಂದ ಮೊದಲಾದ ಸಂತತಿಗೆ 'ಗೋತ್ರ' ಎಂಬ ಸಂಜ್ಞೆಯನ್ನು ಕೊಟ್ಟಿರುವನು. ದಶರಥನ ಮಗನು ದಾಶರಥಿ. ಗರ್ಗನ ಮೊಮ್ಮಗನು ಗಾರ್ಗ್ಯ. ಸಾವಿರಾರು ಹರದಾರಿಗಳ ಆಚೆಯ ದ್ವೀಪದ ಜನರೂ ಕುಲವೆಂಬುದು ಮೊಮ್ಮಗನಿಂದ ಸ್ಥಿರವಾಗುವುದೆಂದು ಭಾವಿಸಿದರು. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತುದಲ್ಲ. ಮನುಷ್ಯನ ಮನಸ್ಸೇ ಹಾಗೆ. ಹೆಸರು ಹೇಳಿ ದೀಪ ಹಚ್ಚಲು ಮೊಮ್ಮಗನೊಬ್ಬನಿದ್ದರೆ ತಾತನಿಗೆ ಸಮಾಧಾನ.

ನಿಜವಾದ ನಂಟು ಬೇರೆ ಕಡೆ ಇದೆ. ಐರಿಷ್ ಭಾಷೆಯೂ ಸಂಸ್ಕೃತವೂ ಒಂದೇ ಮಹಾಕುಟುಂಬಕ್ಕೆ ಸೇರಿದವು. ತಾಯಿಗೆ ಅವರು 'ಮಾಹಿರ್' ಎನ್ನುವರು, ನಮ್ಮ ಮಾತೃ. ದೊರೆಗೆ 'ರೀ' ಎನ್ನುವರು, ನಮ್ಮ ರಾಜ. ಪುರುಷನು ಹಳೆಯ ಐರಿಷಿನಲ್ಲಿ 'ಫೆರ್', ನಮ್ಮ ವೀರ. 'ರುಅಧ್' ಎಂದರೆ ಕೆಂಪು. ನಮ್ಮ ರುಧಿರ, ಲೋಹಿತ ಶಬ್ದಗಳ ಬಂಧು. 'ರುಆರೀ' ಎಂಬ ಅವರ ಪ್ರಸಿದ್ಧ ನಾಮಕ್ಕೆ ಕೆಂಪು ದೊರೆ ಎಂದರ್ಥ. ಆ ಗೃಹಿಣಿಯವರು ಮರ್ಫಿಯಲ್ಲಿ ಹುಡುಕಿದ ನಂಟು ಅಲ್ಲಿಲ್ಲದಿದ್ದರೂ, ಅವರ ಮಗನು ಆ ನಾಡಿನಲ್ಲಿ ಪೂರ್ಣ ಪರಕೀಯನಲ್ಲವೆಂಬುದು ಇದರಿಂದ ತಿಳಿಯುವುದು.

ಇನ್ನು ಚರಿತ್ರೆ. ಮುರಖದ್ ಎಂಬ ಹೆಸರಿನವರು ಹಲವರಿದ್ದುದರಿಂದ ಮರ್ಫಿಗಳು ಒಂದೇ ಬುಡದವರಲ್ಲ. ಉತ್ತರದ ಟಿರೋನ್ ಪ್ರಾಂತದಲ್ಲಿ ಒಂದು ಕುಲವಿತ್ತು. ಆಗ್ನೇಯ ದಿಕ್ಕಿನ ವೆಕ್ಸ್‌ಫರ್ಡ್ ಪ್ರಾಂತದ ಕುಲವು ಎಲ್ಲಕ್ಕಿಂತಲೂ ಪ್ರಸಿದ್ಧವಾದುದು. ಅವರಿದ್ದ ಸೀಮೆಗೆ 'ಮರೋಸ್' ಎಂದು ಅವರ ಹೆಸರೇ ಬಿದ್ದಿತ್ತು. ಅದೇ ರಾಜವಂಶದ ಬೇರೊಂದು ಶಾಖೆಯಲ್ಲಿ ೧೦೭೦ರಲ್ಲಿ ತೀರಿಕೊಂಡ ಮುರಖದ್ ಎಂಬವನಿದ್ದನು. ಅವನ ಮೊಮ್ಮಗನೇ ಲೆನ್‌ಸ್ಟರ್ ದೇಶದ ಅರಸ ಡಿಯರ್ಮಿಡ್ ಮಕ್‌ಮರೋ. ಈತನು ೧೧೬೬ರಲ್ಲಿ ರುಆರೀ ಓ ಕಾನರ್ ಎಂಬ ಮಹಾರಾಜನ ಪಕ್ಷದವರಿಂದ ರಾಜ್ಯಭ್ರಷ್ಟನಾಗಿ, ಇಂಗ್ಲೆಂಡಿನ ಎರಡನೆಯ ಹೆನ್ರಿಯ ಮೊರೆಹೊಕ್ಕನು. ೧೧೬೯ರಲ್ಲಿ ನಾರ್ಮನ್ ಯೋಧರು ವೆಕ್ಸ್‌ಫರ್ಡಿನ ತೀರದಲ್ಲಿ ಇಳಿದರು. ಮರುವರ್ಷ ಬಂದ ಅವರ ನಾಯಕ ಸ್ಟ್ರಾಂಗ್‌ಬೋ ಎಂಬವನಿಗೆ ಡಿಯರ್ಮಿಡ್ ತನ್ನ ಮಗಳು ಈಫೆಯನ್ನು ಮದುವೆಮಾಡಿಕೊಟ್ಟನು. ೧೧೭೧ರಲ್ಲಿ ಡಿಯರ್ಮಿಡ್ ಸತ್ತನು. ಅದೇ ವರ್ಷ ಹೆನ್ರಿಯು ತಾನೇ ಸೈನ್ಯಸಮೇತನಾಗಿ ಬಂದನು. ದಾಯಾದಿಯ ಮೇಲಿನ ಹಗೆಗಾಗಿ ಕರೆತಂದ ನೆಂಟರು ಮನೆಯನ್ನೇ ಆಕ್ರಮಿಸಿದರು. ದ್ವೀಪದ ಬಹುಭಾಗವು ಮತ್ತೆ ಸ್ವತಂತ್ರವಾದುದು ೧೯೨೨ರಲ್ಲಿ.

ಆಳುವವರು ಬದಲಾದರೆ ಹೆಸರುಗಳೂ ನೆಮ್ಮದಿಯಿಂದಿರಲಾರವು. ೧೪೬೫ರಲ್ಲಿ ಹೊರಟ ಶಾಸನವೊಂದು, ಡಬ್ಲಿನ್ನಿನ ಸುತ್ತಣ ಇಂಗ್ಲಿಷರ ಸೀಮೆಯಲ್ಲಿ ವಾಸಿಸುವ ಐರಿಷರು ಇಂಗ್ಲಿಷ್ ಕುಲನಾಮವನ್ನೇ ಇಟ್ಟುಕೊಳ್ಳಬೇಕೆಂದು ವಿಧಿಸಿತು: ಒಂದು ಊರಿನ ಹೆಸರೋ, ಬಿಳಿ ಕಪ್ಪು ಕಂದು ಎಂಬ ಬಣ್ಣವೋ, ಕಮ್ಮಾರ ಬಡಗಿ ಎಂಬ ಕಸುಬೋ ಆಗಬಹುದು. ಮುಂದೆ ೧೭ನೆಯ ಶತಮಾನದ ಸೋಲುಗಳ ತರುವಾಯ ಜನರು ಓ, ಮಕ್ ಎಂಬ ಪೂರ್ವಪದಗಳನ್ನು ತಾವಾಗಿಯೇ ಬಿಡತೊಡಗಿದರು. ಅವು ಇದ್ದರೆ ಕೆಲಸ ಸಿಕ್ಕದು, ಮರ್ಯಾದೆ ದೊರೆಯದು ಎಂಬ ಭಯ. ೧೮೯೩ರಲ್ಲಿ ಗೇಲಿಕ್ ಲೀಗ್ ಎಂಬ ಭಾಷಾಸಂಘವು ಹುಟ್ಟಿದ ಕಾಲದಿಂದೀಚೆಗೆ ಸಲ್ಲಿವನ್ನರು ಓ ಸಲ್ಲಿವನ್ನರಾದರು, ಕಾನರರು ಓ ಕಾನರರಾದರು. ಮರ್ಫಿಗಳು ಮಾತ್ರ ಕಳೆದುಕೊಂಡ ಓಕಾರವನ್ನು ಇಂಗ್ಲಿಷ್ ರೂಪದಲ್ಲಿ ಮರಳಿ ಸೇರಿಸಿಕೊಳ್ಳಲಿಲ್ಲ. ಐರಿಷಿನಲ್ಲಿ ಬರೆಯುವವರು ಈಗಲೂ ಹಳೆಯ ಕ್ರಮವನ್ನು ಬಿಟ್ಟಿಲ್ಲ. ಗಂಡಸು 'ಓ ಮುರಖೂ' ಆದರೆ, ಆ ಮನೆಯ ಮಗಳು 'ನೀ ಮುರಖೂ', ಸೊಸೆಯು 'ಈ ಮುರಖೂ'. ಹೆಣ್ಣಿನ ಹೆಸರಿನಲ್ಲಿ ಮೊದಲ ಮಕಾರವು ವಕಾರದಂತೆ ಮೃದುವಾಗುವುದು. ಮಗಳು ಯಾರು, ಸೊಸೆ ಯಾರು ಎಂಬುದನ್ನು ಹೆಸರೇ ಹೇಳುವುದು.

ಈಗ ವಿಸ್ತಾರದ ವಿಚಾರ. ಐರ್ಲೆಂಡಿನಲ್ಲಿ ಮರ್ಫಿಯೇ ಅತ್ಯಂತ ಸಾಮಾನ್ಯವಾದ ಕುಲನಾಮ. ಮ್ಯಾಥಿಸನ್ ಎಂಬ ಸರ್ಕಾರಿ ಅಧಿಕಾರಿಯು ೧೮೯೦ರ ಜನನದ ದಾಖಲೆಗಳಿಂದ ಎಣಿಸಿ, ೧೮೯೪ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮರ್ಫಿಗಳು ಸುಮಾರು ೬೨,೬೦೦, ಕೆಲ್ಲಿಗಳು ೫೫,೯೦೦, ಸಲ್ಲಿವನ್ನರು ೪೩,೬೦೦ ಎಂದು ಅಂದಾಜು ಮಾಡಿದನು. ದಕ್ಷಿಣದ ಕಾರ್ಕ್ ಪ್ರಾಂತದಲ್ಲಿ ಅವರು ವಿಶೇಷವಾಗಿ ಕಿಕ್ಕಿರಿದಿರುವುದರಿಂದ, ಮನೆಮನೆಗೂ ಅಡ್ಡಹೆಸರಿಟ್ಟು ಗುರುತಿಸುವ ವಾಡಿಕೆ ಹಳ್ಳಿಗಳಲ್ಲಿ ಬೆಳೆಯಿತು.

ಇಷ್ಟು ಜನರಿದ್ದ ಕುಲವು ಲೋಕದಲ್ಲೆಲ್ಲ ಚದರಿದುದು ಹೇಗೆ? ಇದು ದುಃಖದ ಕಥೆ. ಬಡವರ ಊಟವೆಲ್ಲ ಆಲೂಗೆಡ್ಡೆಯೊಂದನ್ನೇ ನೆಚ್ಚಿಕೊಂಡಿತ್ತು. ೧೮೪೫ರಲ್ಲಿ ಆ ಬೆಳೆಗೆ ಅಂಗಮಾರಿ ರೋಗ ತಗುಲಿ, ಗೆಡ್ಡೆಗಳು ನೆಲದಲ್ಲೇ ಕೊಳೆತವು. ಏಳು ವರ್ಷಗಳ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರು ಸತ್ತರು. ಇನ್ನೂ ಹತ್ತು ಲಕ್ಷ ಜನರು ಹಡಗು ಹತ್ತಿದರು. ೧೮೪೧ರಲ್ಲಿ ೮೧ ಲಕ್ಷಕ್ಕೆ ಮಿಕ್ಕಿದ್ದ ಜನಸಂಖ್ಯೆಯು ೧೮೫೧ರಲ್ಲಿ ೬೫ ಲಕ್ಷಕ್ಕೆ ಇಳಿಯಿತು. ಸತ್ತವರಲ್ಲಿಯೂ ಹೊರಟವರಲ್ಲಿಯೂ ಐರಿಷ್ ಆಡುವವರೇ ಬಹುಮಂದಿ. ಜನರೊಡನೆ ಭಾಷೆಯೂ ಕ್ಷೀಣಿಸಿತು. ಇಂಗ್ಲಿಷರ ಆಡುಮಾತಿನಲ್ಲಿ ಆಲೂಗೆಡ್ಡೆಗೇ 'ಮರ್ಫಿ' ಎಂಬ ಹಾಸ್ಯನಾಮವಿದ್ದಿತು. ಯಾವ ಗೆಡ್ಡೆ ಕೊಳೆತು ಇವರು ದೇಶಾಂತರಗಾಮಿಗಳಾದರೋ, ಅದೇ ಗೆಡ್ಡೆಗೆ ಇವರ ಹೆಸರು! ಕಡಲ ಕಲಿಗಳೆನಿಸಿಕೊಂಡವರ ಸಂತತಿಯು ಹಸಿವೆಯಿಂದ ಕಡಲನ್ನು ದಾಟಿತು.

ದಾಟಿದವರು ಬಾಳಿದರು. ಅಮೆರಿಕದ ೨೦೧೦ರ ಜನಗಣತಿಯಲ್ಲಿ ಮರ್ಫಿಗಳು ಮೂರು ಲಕ್ಷಕ್ಕೂ ಮಿಕ್ಕಿದ್ದರು. ಇಂಗ್ಲೆಂಡ್, ಆಸ್ಟ್ರೇಲಿಯ, ಕೆನಡದ ನ್ಯೂಫೌಂಡ್‌ಲೆಂಡ್ ಎಲ್ಲೆಲ್ಲಿಯೂ ಅವರುಂಟು; ಅರ್ಜೆಂಟೀನದ ಸಾಂತಾ ಫೇ ಪ್ರಾಂತದಲ್ಲಿ ಮರ್ಫಿ ಎಂಬ ಊರೇ ಇದೆ. ರಕ್ತಹೀನತೆಯ ಘೋರ ರೋಗವೊಂದಕ್ಕೆ ಚಿಕಿತ್ಸೆ ಕಂಡುಹಿಡಿದು ೧೯೩೪ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ವಿಲಿಯಂ ಮರ್ಫಿ ಅಮೆರಿಕದವನು. ೧೭೯೮ರ ದಂಗೆಯಲ್ಲಿ ವೆಕ್ಸ್‌ಫರ್ಡಿನ ರೈತರ ಮುಂದಾಳಾಗಿ ಗಲ್ಲಿಗೇರಿದ ಪಾದ್ರಿ ಜಾನ್ ಮರ್ಫಿಯನ್ನು ಐರಿಷರು ಇಂದಿಗೂ ಮರೆತಿಲ್ಲ. ಅಣುಬಾಂಬಿನ ವಿಜ್ಞಾನಿ ಓಪನ್‌ಹೈಮರನ ಪಾತ್ರವನ್ನು ಚಲಚ್ಚಿತ್ರದಲ್ಲಿ ಅಭಿನಯಿಸಿ ೨೦೨೪ರಲ್ಲಿ ಆಸ್ಕರ್ ಪಡೆದ ಕಿಲಿಯನ್ ಮರ್ಫಿ ಕಾರ್ಕಿನವರು. ಸಂಸ್ಕೃತವನ್ನು ಕಲಿತು ಭಗವದ್ಗೀತೆಯನ್ನು ಮೂಲದಲ್ಲೇ ಓದಿದ ವಿಜ್ಞಾನಿಯ ಪಾತ್ರವು ಒಬ್ಬ ಮರ್ಫಿಗೆ ಒದಗಿದುದು ನಮಗೆ ಮೆಚ್ಚಿಗೆಯ ಸಂಗತಿ. ನಮ್ಮ ಹಿರಿಯರ ಮನೆಗಳಲ್ಲಿದ್ದ ಮರ್ಫಿ ರೇಡಿಯೋವನ್ನೂ, ಅದರ ಜಾಹಿರಾತಿನ ಮುದ್ದುಮಗುವನ್ನೂ ಯಾರು ಮರೆತಾರು? ಆ ಕಂಪೆನಿಯು ೧೯೨೯ರಲ್ಲಿ ಫ್ರಾಂಕ್ ಮರ್ಫಿ ಮತ್ತು ಅವನ ಜೊತೆಗಾರನೊಬ್ಬನಿಂದ ಇಂಗ್ಲೆಂಡಿನಲ್ಲಿ ಸ್ಥಾಪಿತವಾಯಿತು. ಬೆಂಗಳೂರಿನ ಹಲಸೂರಿನ ಬಳಿ ಮರ್ಫಿ ಟೌನ್ ಎಂಬ ಬಡಾವಣೆಯೂ ಇರುವುದಷ್ಟೆ.

ಹೆಸರನ್ನು ಕೆಡಿಸಿದ ಗುಮಾಸ್ತರನ್ನು ಇಷ್ಟುದೂರ ದೂರಿದ ಮೇಲೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಒಂದು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದೆವು. ತಾಯಿಯೊಬ್ಬಳು ಮಗನನ್ನು ಸೇರಿಸಲು ಕರೆತಂದಳು. ಹೆಸರು ಕೆಂಚ ಎಂದಳು. ನಮ್ಮ ಪಾಂಡಿತ್ಯಕ್ಕೆ ಅದು ಗ್ರಾಮ್ಯವಾಗಿ ತೋರಿತು. ಅರ್ಥವೊಂದೇ ತಾನೆ ಎಂದುಕೊಂಡು ದಾಖಲೆ ಪುಸ್ತಕದಲ್ಲಿ 'ಲೋಹಿತ' ಎಂದು ಬರೆದೆವು. "ಸ್ವಾಮೀ, ಅದು ಅವನ ತಾತನ ಹೆಸರು" ಎಂದು ಆಕೆ ಮೆಲ್ಲಗೆ ಹೇಳಿದಳು. ನಾವು ನಕ್ಕು, ಇದು ಚೆನ್ನಾಗಿದೆ ಹೋಗಮ್ಮ ಎಂದೆವು. ನಾವು ನಿವೃತ್ತರಾಗುವ ಮುನ್ನ ಆ ಹುಡುಗನು ದೊಡ್ಡವನಾಗಿ ಒಂದು ಪ್ರಮಾಣಪತ್ರಕ್ಕಾಗಿ ನಮ್ಮಲ್ಲಿಗೆ ಬಂದನು. ಮನೆಯವರು ಬರೆಸಿದ ಕಾಗದಗಳಲ್ಲಿ ಕೆಂಚ, ಶಾಲೆಯ ಕಾಗದಗಳಲ್ಲಿ ಲೋಹಿತ. ಇಬ್ಬರೂ ಒಬ್ಬನೇ ಎಂದು ಸಾಧಿಸಲು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದನು. ಆತನು ಕೋಪಿಸಿಕೊಳ್ಳಲಿಲ್ಲ. "ನಮ್ಮಜ್ಜಿಗೆ ಕೊನೆಯವರೆಗೂ ಆ ಹೆಸರು ಬಾಯಿಗೆ ಬರಲಿಲ್ಲ, ಮೇಷ್ಟ್ರೇ" ಎಂದಷ್ಟೇ ಹೇಳಿದನು. ಬೈದಿದ್ದರೆ ನಮಗೆ ಇಷ್ಟು ನಾಟುತ್ತಿರಲಿಲ್ಲ. ಗಂಡನ ಹೆಸರನ್ನು ಮೊಮ್ಮಗನಲ್ಲಿ ಕರೆಯಬೇಕೆಂದಿದ್ದ ಮುದುಕಿಯ ಬಾಯಿಂದ ಅದನ್ನು ಕಸಿದವರು ನಾವು. ಅರ್ಥವು ಒಂದೇ ಆಗಿದ್ದಿತು. ತಾತನು ಮಾತ್ರ ಅದರಲ್ಲಿರಲಿಲ್ಲ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮಕ್ಕಳ ಹೆಸರನ್ನು ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಬರೆಸುವಾಗ ಪಕ್ಕದಲ್ಲಿ ನಿಂತು ಓದಿ ನೋಡಿರಿ; ತಪ್ಪಿದ್ದರೆ ಸಂಕೋಚವಿಲ್ಲದೆ ಅಂದೇ ತಿದ್ದಿಸಿರಿ. ಮನೆಯ ಹಿರಿಯರಿರುವಾಗಲೇ ಅವರ ತಂದೆತಾಯಿಗಳ, ಅಜ್ಜ ಅಜ್ಜಿಯರ ಹೆಸರುಗಳನ್ನೂ ಊರುಗಳನ್ನೂ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿರಿ. ಹೆಂಗಸರ ಹೆಸರುಗಳನ್ನು ಬಿಡಬೇಡಿರಿ.

ಆ ಗೃಹಿಣಿಯವರಿಗೆ ಈ ಲೇಖನವನ್ನು ಓದಿ ಹೇಳಿದೆವು. ಸ್ವಲ್ಪಹೊತ್ತು ಸುಮ್ಮನಿದ್ದು, "ಪಾಪ, ಅವರ ಹೆಸರೂ ಕೆಟ್ಟುದೇ ಅನ್ನಿ. ಸರಿಯಾಗಿ ತಿದ್ದಿಸಿಕೋ, ಆದರೆ ಜಗಳವಾಡಬೇಡವೆಂದು ಮಗನಿಗೆ ಹೇಳುತ್ತೇನೆ" ಎಂದರು. ನಮಗೂ ಅದೇ ಸರಿಯೆಂದು ತೋರಿತು.