ಕೇಳಬೇಕಾದ ಸಭೆಯೇ ಕೇಳದಿದ್ದರೆ?

ಬೇಲಿಯೇ ಎದ್ದು ಹೊಲವನ್ನು ಮೇಯತೊಡಗಿದರೆ ಒಕ್ಕಲಿಗನು ಯಾರಿಗೆ ದೂರಬೇಕು? ಕಾವಲುಗಾರನಿಗೆ. ಆ ಕಾವಲುಗಾರನೇ ನಿದ್ರಿಸಿದರೆ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮತದಾರರು ತಮ್ಮ ಪ್ರತಿನಿಧಿಗಳ ಮುಂದೆ ಇಡಬೇಕಾದ ಪ್ರಶ್ನೆಯಿದು.

1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ನೆರೆಯಿಸಿದಾಗ, ಸದಸ್ಯರು ಅಹವಾಲುಗಳನ್ನು ಹೇಳಿಕೊಳ್ಳಬಹುದಾಗಿತ್ತು. ದಿವಾನರನ್ನು ಕೆಳಗಿಳಿಸುವ ಶಕ್ತಿ ಅವರಿಗಿರಲಿಲ್ಲ. ಇಂದಿನ ವಿಧಾನಸಭೆಗೆ ಆ ಶಕ್ತಿಯುಂಟು. ಮಂತ್ರಿಮಂಡಲವು ಸಭೆಗೆ ಹೊಣೆಯೆಂದು ಸಂವಿಧಾನವೇ ಸಾರಿದೆ. ಆದರೂ ನಾಡಿನ ಗುಡ್ಡಗಳು ಅದಿರಾಗಿ ಲಾರಿಗಳಲ್ಲಿ ಸಾಗಿಹೋದಾಗ ನಡೆದುದೇನು? 2010ರ ಜುಲೈಯಲ್ಲಿ ವಿರೋಧಪಕ್ಷದವರು ಸದನದಲ್ಲಿ ಹಗಲಿರುಳು ಧರಣಿ ಕುಳಿತರು, ಬಹುಮತವು ಕದಲಲಿಲ್ಲ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ ಹೆಗ್ಡೆಯವರು ವರದಿಯನ್ನೊಪ್ಪಿಸಿ, ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿಗಳೆಂದು ಅಂದಾಜಿಸಿದರು. ಮರುತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಳನ್ನು ನಿಲ್ಲಿಸಿದುದು ಸುಪ್ರೀಂ ಕೋರ್ಟು. ಅಲ್ಲಿ ಮೊರೆಯಿಟ್ಟುದು ಧಾರವಾಡದ ಸಮಾಜ ಪರಿವರ್ತನ ಸಮುದಾಯ. ಶಾಸಕರು ಮಾಡಬೇಕಾದ ಕೆಲಸವನ್ನು ನಾಗರಿಕರು ಮಾಡಿದರು!

ಅಧಿಕಾರವು ಇದರಿಂದ ಪಾಠ ಕಲಿಯಿತೇ? ಕಲಿತದ್ದು ಬೇರೆಯೇ ಪಾಠ. ಲೋಕಾಯುಕ್ತವು 1984ರ ಶಾಸನದಿಂದ ಹುಟ್ಟಿದ ಸಂಸ್ಥೆ. 2016ರ ಮಾರ್ಚ್ 14ರಂದು ಸರಕಾರವು ಕೇವಲ ಒಂದು ಆಜ್ಞೆಯಿಂದ ಭ್ರಷ್ಟಾಚಾರ ನಿಗ್ರಹ ದಳವನ್ನು ಕಟ್ಟಿ, ಲೋಕಾಯುಕ್ತ ಪೊಲೀಸರ ತನಿಖಾಧಿಕಾರವನ್ನು ಕಿತ್ತುಕೊಂಡಿತು. ಮುಂದೆ ಪಕ್ಷಗಳು ಬದಲಾದುವು, ದಳವು ಉಳಿಯಿತು. ಅದನ್ನು 2022ರ ಆಗಸ್ಟ್ 11ರಂದು ರದ್ದುಗೊಳಿಸಿದುದೂ ಉಚ್ಚ ನ್ಯಾಯಾಲಯವೇ. ಶಾಸನಸಭೆಯ ಮಗುವಿನ ಕೈಕಟ್ಟಿದಾಗ ತಾಯಿಯು ಆರು ವರ್ಷ ಸುಮ್ಮನಿದ್ದಳು!

ನ್ಯಾಯಾಲಯಗಳಿವೆಯಲ್ಲವೇ ಎಂದು ಸಮಾಧಾನಪಡುವವರುಂಟು. ನ್ಯಾಯಾಲಯವು ತೀರ್ಪು ಕೊಡಬಲ್ಲುದು. ಅಗೆದುಹೋದ ಗುಡ್ಡವನ್ನು ತಂದುಕೊಡಲಾರದು. ಅಗೆಯುವ ಮುನ್ನ ತಡೆಯಬೇಕಾದುದು ಸಭೆಯ ಧರ್ಮ. ವರ್ಷಕ್ಕೆ 60 ದಿನವಾದರೂ ಸಭೆ ಕೂಡಬೇಕೆಂದು 2005ರ ಶಾಸನವಿದ್ದೂ ಎಷ್ಟೋ ವರ್ಷ ಅದು ಕೂಡಲಿಲ್ಲ. ಕೂಡದ ಸಭೆಯು ಪ್ರಶ್ನಿಸುವುದೆಂತು?

ವಾಚಕರೇ, ಉಪಾಧ್ಯಾಯರೇ, ಏಕೀಕರಣದ ನೇತಾರರಾದ ನಿಜಲಿಂಗಪ್ಪನವರನ್ನೇ 1962ರಲ್ಲಿ ಸೋಲಿಸಿದ ಮತದಾರರು ಹೊಸದುರ್ಗದವರು. ನಮ್ಮ ಕೈಯಲ್ಲಿ ಬಲವಿಲ್ಲವೆಂದು ಯಾರು ಹೇಳಿಯಾರು? ಶಾಸಕರು ಊರಿಗೆ ಬಂದಾಗ ಹಾರ ಹಾಕುವ ಮೊದಲು ಕೇಳಿರಿ: ಸದನದಲ್ಲಿ ಎಷ್ಟು ದಿನ ಕುಳಿತಿರಿ? ಲೆಕ್ಕಪತ್ರ ಸಮಿತಿಯ ವರದಿಯನ್ನು ಓದಿದಿರಾ? ನಿಮ್ಮದೇ ಪಕ್ಷದ ಮಂತ್ರಿಯನ್ನು ಒಮ್ಮೆಯಾದರೂ ಪ್ರಶ್ನಿಸಿದಿರಾ? ಪ್ರಾಂತ ಒಂದಾದುದು ಅಧಿಕಾರಸ್ಥರ ಸುಖಕ್ಕಲ್ಲ. ಕನ್ನಡಿಗನು ಕನ್ನಡದಲ್ಲಿಯೇ ಲೆಕ್ಕ ಕೇಳುವುದಕ್ಕೆ!